ದೊರೆ ಬಾಯಿ ಬಿಟ್ಟ ಪಂದ್ಯ

“ಕಾಲ್ಚೆಂಡಾಟ ಅಂದರೆ ಏನು ಮಹಾ? ಚೆಂಡು ನಮ್ಮದು, ಬಯಲು ನಮ್ಮದು, ಒದೆಯುವ ಕಾಲುಗಳೂ ನಮ್ಮ ಉಪ್ಪು ತಿಂದ ಕಾಲುಗಳೇ. ಗೆಲ್ಲೋದಕ್ಕೆ ಬುದ್ಧಿಯೊಂದು ಬೇಕು, ಅದು ನಮ್ಮಲ್ಲಿ ಬೇಕಾದಷ್ಟಿದೆ!”

ಕೆಂಗಲಪುರದ ದೊರೆ ಸರ್ಜಪ್ಪನಾಯಕರು ತುಂಬಿದ ಸಭೆಯಲ್ಲಿ ಹೀಗೆಂದು ಮೀಸೆ ತಿರುವಿದರು. ಜೀವಮಾನದಲ್ಲಿ ಅವರು ಒಮ್ಮೆಯೂ ಚೆಂಡು ಒದ್ದವರಲ್ಲ, ಒದ್ದದ್ದೆಲ್ಲ ಆಳುಗಳನ್ನು. ಆದರೂ ಸಭೆ ಹೌದು ಹೌದೆಂದು ತಲೆಯಾಡಿಸಿತು. ಸಭೆಯವರಿಗೆ ಸಂಬಳ ಕೊಡುತ್ತಿದ್ದುದೇ ಅದಕ್ಕೆ.

ತಲೆಯಾಡಿಸದೆ ನಿಂತವನು ಅಂಕಯ್ಯ ಒಬ್ಬನೇ. ಲಾಯದವರು, ಅಡುಗೆಯವರು, ಬಾಗಿಲು ಕಾಯುವವರು ಎಂದು ಅರಮನೆಯ ಊಳಿಗದವರನ್ನೇ ಕಲೆಹಾಕಿ ತಂಡ ಕಟ್ಟಿ, ಮೂರು ವರ್ಷ ಒಂದು ಪಂದ್ಯವನ್ನೂ ಸೋಲದಂತೆ ಆಡಿಸಿದ ಮೇಷ್ಟ್ರು ಅವನು.

ಪ್ರತಿ ಪಂದ್ಯದಲ್ಲೂ ದೊರೆಯ ಚಪ್ಪರದ ಪಕ್ಕದಲ್ಲೇ ಅವನು ಎರಡು ನಗಾರಿ ಹೊಡೆಸುತ್ತಿದ್ದ. ತಮ್ಮ ಗೌರವಕ್ಕೆಂದು ದೊರೆ ಹಿಗ್ಗುತ್ತಿದ್ದರು. ತಾವು ಕೂಗುವ ಸಲಹೆ ಆಟಗಾರರಿಗೆ ಕೇಳಿಸದಿರಲಿ ಎಂದು ಈ ಏರ್ಪಾಡು ಅಂತ ತಿಳಿಯಲು ಅವರಿಗೆ ಮೂರು ವರ್ಷ ಹಿಡಿಯಿತು. ಅದೂ ಯಾರೋ ಚಾಡಿ ಹೇಳಿದ ಮೇಲೆ.

“ನನ್ನ ಮಾತು ಮುಚ್ಚೋಕೆ ನಗಾರಿಯೇನೋ?” ಎಂದು ದೊರೆ ಅದೇ ಸಭೆಯಲ್ಲಿ ಗುಡುಗಿದರು.

“ತಮ್ಮ ಮಾತು ಕೇಳಿಸಿದರೆ ಆಟ ಕೆಡುತ್ತೆ, ಬುದ್ಧಿ,” ಎಂದ ಅಂಕಯ್ಯ.

“ತಂಡದ ಒಡೆಯ ನಾನೋ, ನೀನೋ?”

“ಒಡೆಯರು ತಾವೇ. ಆಡಿಸೋನು ನಾನು.”

ಅಷ್ಟು ಸಾಕಾಯಿತು. “ಈಗಿಂದೀಗಲೇ ನಿನ್ನನ್ನ ವಜಾ ಮಾಡಿದೀನಿ! ಸೋಮವಾರ ನೇರಳಕೋಟೆಯವರ ಜೊತೆ ಪಂದ್ಯ. ಆಡಿಸೋನು ನಾನೇ. ಗೆದ್ದರೆ ಅದು ನನ್ನ ಬುದ್ಧಿ. ನೀನು ಸಂಸಾರ ಕಟ್ಟಿಕೊಂಡು ಗಡಿ ದಾಟಬೇಕು.”

“ಸೋತರೆ, ಬುದ್ಧಿ?”

“ಸೋತರೆ ಅದು ನೀನು ಕೆಡಿಸಿಟ್ಟ ತಂಡ. ಆಗಲೂ ನೀನು ಗಡಿ ದಾಟಬೇಕು.”

ಇಂಥ ನ್ಯಾಯ ಒಡೆಯರ ತಲೆಗೆ ಮಾತ್ರ ಹೊಳೆಯುತ್ತದೆ. ಅಂಕಯ್ಯನ ಮನೆಯಲ್ಲಿ ಹೆಂಡತಿ ತುಂಬು ಬಸುರಿ, ಗಡಿಯಾಚೆ ತಲೆಯಿಡಲು ಒಂದು ಜಗಲಿಯೂ ಇಲ್ಲ. ಆದರೂ ಅವನು ಮುಖ ಬಾಡಿಸಲಿಲ್ಲ.

“ಆಗಲಿ. ಆದರೆ ಸೋಮವಾರ ಬಯಲಲ್ಲಿ ನಡೆದದ್ದರಲ್ಲಿ ಅಂಕಯ್ಯನ ಪಾಲು ಏನೂ ಇಲ್ಲ ಅಂತ ತಮ್ಮ ಬಾಯಿಂದಲೇ ಬಂದರೆ?”

ದೊರೆ ಹೊಟ್ಟೆ ಕುಣಿಸಿ ನಕ್ಕರು. “ಬಂದರೆ ಮನೆಯೂ ನಿನ್ನದು, ಕೆಲಸವೂ ನಿನ್ನದು. ಸಭೆಯೇ ಸಾಕ್ಷಿ!”

ಅಂಕಯ್ಯ ನೆಟ್ಟಗೆ ಆಟಗಾರರ ಬಳಿ ಹೋದ. “ಇನ್ನು ನಿಮಗೆ ದೊರೆಗಳೇ ಮೇಷ್ಟ್ರು ಕಣ್ರಪ್ಪ. ಅವರು ಮಾತಾಡಿದರೆ ಅರಮನೆಯಲ್ಲಿ ಹೇಗೆ ನಡ್ಕೊಳ್ತೀರೋ, ಬಯಲಲ್ಲೂ ಹಾಗೇ ನಡ್ಕೊಳ್ಳಿ. ರಿವಾಜು ತಪ್ಪಬೇಡಿ.”

ಅರಮನೆಯ ರಿವಾಜು ಎಲ್ಲರಿಗೂ ಗೊತ್ತಿದ್ದದ್ದೇ. ದೊರೆಯ ದನಿ ಕೇಳಿದರೆ ಊಳಿಗದವನು ಕೈಯಲ್ಲಿದ್ದ ಕೆಲಸ ಬಿಟ್ಟು, ಅವರ ಕಡೆ ತಿರುಗಿ, ಕೈಮುಗಿದು, ಮಾತು ಮುಗಿಯುವವರೆಗೂ ಅಲ್ಲಾಡದೆ ನಿಲ್ಲಬೇಕು.

ಸೋಮವಾರ ಬಂತು. ನಗಾರಿ ಇಲ್ಲ. ದೊರೆಯ ಗಂಟಲಿಗೆ ಬಿಡುವೂ ಇಲ್ಲ.

ಲಾಯದ ಬೋರ ಚೆಂಡು ಒದೆಯುತ್ತ ಮಿಂಚಿನಂತೆ ನುಗ್ಗಿದ. “ಓಡೋ, ಬೋರ!” ಎಂದು ದೊರೆ ಕೂಗಿದರು. ಬೋರ ಗಕ್ಕನೆ ನಿಂತು, ಚಪ್ಪರದ ಕಡೆ ತಿರುಗಿ ಕೈಮುಗಿದ. ನೇರಳಕೋಟೆಯವನೊಬ್ಬ ಚೆಂಡು ಕಸಿದುಕೊಂಡು ಹೋದ.

“ಅಯ್ಯೋ, ಅಡ್ಡ ಹಾಕ್ರೋ!” ಹತ್ತೂ ಜನ ಕೈಮುಗಿದರು.

ಗೋಲು ಕಾಯುತ್ತಿದ್ದವನು ಹೆಬ್ಬಾಗಿಲ ದಫೇದಾರ ಮುನಿವೆಂಕ. “ಹಿಡಿಯೋ, ಮುನಿವೆಂಕ, ಹಿಡಿಯೋ!” ಮುನಿವೆಂಕ ಭಕ್ತಿಯಿಂದ ಕಣ್ಣು ಮುಚ್ಚಿ ತಲೆ ಬಾಗಿಸಿದ. ಚೆಂಡು ಅವನ ಕಿವಿ ಸವರಿಕೊಂಡು ಒಳಹೊಕ್ಕಿತು.

ಬುದ್ಧಿಯಿದ್ದವನಾದರೆ ಅಲ್ಲಿಗೆ ಬಾಯಿ ಮುಚ್ಚುತ್ತಿದ್ದ. ದೊರೆ ಇನ್ನೂ ಜೋರಾಗಿ ಕೂಗಿದರು. ಆಟ ಮುಗಿದಾಗ ನೇರಳಕೋಟೆಗೆ ಏಳು ಗೋಲು, ಕೆಂಗಲಪುರಕ್ಕೆ ಸೊನ್ನೆ.

“ಎಲ್ಲಿ ಆ ಅಂಕಯ್ಯ?” ಎಂದು ದೊರೆ ಹಲ್ಲು ಕಡಿಯುವಷ್ಟರಲ್ಲಿ ನೇರಳಕೋಟೆಯ ಒಡೆಯ ಮಲ್ಲರಸರು ಜರಿ ಶಾಲು ಹಿಡಿದು ಚಪ್ಪರಕ್ಕೆ ಬಂದರು. ನಗು ತಡೆದು ತಡೆದು ಅವರ ಕೆನ್ನೆ ಉಬ್ಬಿತ್ತು.

“ನಾಯಕರೇ, ನಮ್ಮ ಹುಡುಗರು ನಾನು ಹೇಳಿದ್ದು ಒಂದೂ ಕೇಳೋಲ್ಲ. ನಿಮ್ಮವರೋ, ಕಾಲಡಿ ಚೆಂಡಿದ್ದರೂ ಕೈಮುಗಿದು ನಿಲ್ಲುತ್ತಾರೆ. ಇಷ್ಟು ವಿಧೇಯತೆ ಕಲಿಸಿದ ಪುಣ್ಯಾತ್ಮರು ಯಾರು? ಈ ಶಾಲು ಅವರಿಗೆ.”

ಅಂಕಯ್ಯ ಗುಂಪು ಸೀಳಿಕೊಂಡು ಬಂದು ಕತ್ತು ಬಗ್ಗಿಸಿದ. “ನಾನೇ, ಸ್ವಾಮಿ. ಹೊದಿಸಿ.”

ದೊರೆಗೆ ಮೈಯೆಲ್ಲ ಉರಿಯಿತು. “ನೀನಾ? ಸರಿಯೋ ಆಚೆ! ಇವತ್ತು ಅವರು ನಿಂತದ್ದು, ತಿರುಗಿದ್ದು, ಎಲ್ಲ ನನ್ನ ಮಾತಿಗೆ!”

“ಇಡೀ ಶಾಲು ಬೇಡ, ಬುದ್ಧಿ. ಅರ್ಧ ಪಾಲಾದರೂ ನನ್ನದಲ್ಲವೇ? ಒಂದು ಚೂರು?”

“ಒಂದು ನೂಲಿನಷ್ಟೂ ಇಲ್ಲ! ಇವತ್ತು ಈ ಬಯಲಲ್ಲಿ ನಡೆದದ್ದರಲ್ಲಿ ನಿನ್ನ ಪಾಲು ಏನೂ ಇಲ್ಲ. ಎಲ್ಲ ನನ್ನದೇ!” ಎಂದು ದೊರೆ ಶಾಲು ಕಿತ್ತು ತಾವೇ ಹೊದ್ದುಕೊಂಡರು.

ಅಂಕಯ್ಯ ಚಪ್ಪರದಲ್ಲಿ ಕೂತಿದ್ದ ಸಭೆಯವರತ್ತ ತಿರುಗಿದ. “ಕೇಳಿಸಿಕೊಂಡಿರಲ್ಲ? ಏಳು ಗೋಲೂ ದೊರೆಗಳದ್ದೇ. ನನ್ನ ಮನೆ, ನನ್ನ ಕೆಲಸ ನನಗೆ.”

ಮಲ್ಲರಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಯಲಿಗೆ ಬಯಲೇ ನಕ್ಕಿತು. ಎಲ್ಲರೂ ನಗುವಾಗ ತಾವೊಬ್ಬರೇ ಸುಮ್ಮನಿದ್ದರೆ ಮರ್ಯಾದೆಗೇಡೆಂದು ದೊರೆಯೂ ಹಲ್ಲು ಕಿರಿದರು.

“ಆಯ್ತಪ್ಪ, ಕೊಟ್ಟ ಮಾತು ಕೊಟ್ಟದ್ದೇ. ತಂಡ ನಿನ್ನದೇ,” ಎಂದರು. ಆಮೇಲೆ ದೊಡ್ಡತನ ತೋರಿಸಲು, “ಮುಂದಿನ ಸಲ ನೇರಳಕೋಟೆಯವರನ್ನ ಸೋಲಿಸಲೇಬೇಕು. ನನ್ನಿಂದ ಏನು ಸಹಾಯ ಬೇಕೋ ಕೇಳು, ಮಾಡ್ತೀನಿ.”

ಅಂಕಯ್ಯ ಸೊಂಟ ಬಗ್ಗಿಸಿ ಕೈಮುಗಿದ.

“ಹೆಚ್ಚೇನಿಲ್ಲ, ಬುದ್ಧಿ. ಆ ದಿನ ಅವರ ತಂಡವನ್ನ ತಾವು ಆಡಿಸಿ.”