ಎರಡು ಕಾಲೇಜು, ಒಂದು ಸಿಟ್ಟು

ದೇವಿದಾಸ ಮಾಸ್ತರು ಹತ್ತೊಂಬತ್ತು ವರ್ಷದಿಂದ ಪೇಟೆ ಕಾಲೇಜಿನ ರಸ್ತೆಗೆ ಕಾಲಿಟ್ಟಿರಲಿಲ್ಲ. ಆ ಕಡೆ ಕೆಲಸವಿದ್ದರೆ ಸುತ್ತು ಬಳಸಿ ಹೋಗುತ್ತಿದ್ದರು.

ಒಂದು ಕಾಲಕ್ಕೆ ಅಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ಹನ್ನೊಂದು ವರ್ಷ ವಿದ್ಯಾರ್ಥಿಗಳ ಜೊತೆ ಸೇರಿ ಕಾಲೇಜಿನ ಹಿತ್ತಿಲಲ್ಲಿ ತೋಟ ಬೆಳೆಸಿದ್ದರು. ಒಂದು ಬೇಸಿಗೆ ರಜೆಯಲ್ಲಿ ಆಡಳಿತ ಮಂಡಳಿ ತೋಟ ಕಡಿಸಿ ಮದುವೆ ಹಾಲ್ ಕಟ್ಟಿಸಿತು.

ಮಾಸ್ತರು ರಾಜೀನಾಮೆ ಬರೆದುಕೊಟ್ಟು ನದಿ ದಂಡೆಗೆ ಬಂದು ನೆಲೆಸಿದರು. ಕೇಳಿಕೊಂಡು ಬಂದ ಮಕ್ಕಳಿಗೆ ಜಗಲಿಯಲ್ಲೇ ಜೀವಶಾಸ್ತ್ರ ಹೇಳಿಕೊಟ್ಟರು.

ಅವರಲ್ಲಿ ರತ್ನಮಾಲಾ ಒಬ್ಬಳು. ಅವಳ ಪಿಯುಸಿ ಮುಗಿದಿತ್ತು. ಬಿ.ಎಸ್ಸಿ.ಯಲ್ಲಿ ಜೀವಶಾಸ್ತ್ರ ಓದಲು ಹತ್ತಿರದಲ್ಲಿ ಇದ್ದದ್ದು ಎರಡೇ ಸಣ್ಣ ಕಾಲೇಜು. ಪೇಟೆಯದೊಂದು, ಗುಡ್ಡದ ಮೇಲಿನ ಹೊಸದೊಂದು.

“ಎಲ್ಲಿ ಸೇರಲಿ ಸರ್?”

“ಗುಡ್ಡದ ಮೇಲಿನದಕ್ಕೆ.”

“ಯಾಕೆ?”

“ನಾನು ಹೇಳಿದೆನಲ್ಲ.”

ಅವಳು ಗುಡ್ಡ ಹತ್ತಿ ನೋಡಿದಳು. ಮರುದಿನ ಪೇಟೆಗೂ ಹೋದಳು. ಮೂರನೆಯ ದಿನ ಜಗಲಿಗೆ ಬಂದು ಕೂತಳು.

“ಗುಡ್ಡದ ಕಾಲೇಜಿನಲ್ಲಿ ಹದಿನೆಂಟು ಮೈಕ್ರೋಸ್ಕೋಪ್ ಇವೆ ಸರ್. ಒಂದರ ಪ್ಲಾಸ್ಟಿಕ್ಕೂ ಬಿಚ್ಚಿಲ್ಲ. ಪಾಠ ಮಾಡುವವರು ಯಾರು ಅಂದೆ. ಕಾಲೇಜು ಶುರುವಾಗುವ ಹೊತ್ತಿಗೆ ಯಾರಾದರೂ ಸಿಗುತ್ತಾರೆ ಅಂದರು.”

ಮಾಸ್ತರು ಕೈಯಲ್ಲಿದ್ದ ಪುಸ್ತಕದ ಹಾಳೆ ತಿರುವಿದರು. ರತ್ನಮಾಲಾ ಮುಂದುವರಿಸಿದಳು.

“ಪೇಟೆಯಲ್ಲಿ ಇರುವುದು ಐದು. ಅದರಲ್ಲಿ ಎರಡು ಕೆಟ್ಟಿವೆ. ಆದರೆ ಪಾಠ ಮಾಡುವ ಫಿಲೋಮಿನಾ ಮೇಡಂ ಮಕ್ಕಳನ್ನು ಕರೆದುಕೊಂಡು ಅಳಿವೆಯ ಕೆಸರಿಗೆ ಇಳಿದಿದ್ದರು, ಏಡಿ ಎಣಿಸುವುದಕ್ಕೆ. ನನ್ನನ್ನೂ ಇಳಿಸಿದರು. ನಾನು ಅಲ್ಲೇ ಸೇರುತ್ತೇನೆ.”

“ಹಾಗಾದರೆ ನಾಳೆಯಿಂದ ಈ ಜಗಲಿ ಹತ್ತಬೇಡ.”

“ಯಾಕೆ ಅಂತಲಾದರೂ ಹೇಳಿ.”

“ಅವರು ಮರ ಕಡಿದವರು. ಮತ್ತೆ ಚಿಗುರಬಾರದು ಅಂತ ಬುಡಕ್ಕೆ ಆಸಿಡ್ ಸುರಿದವರು. ಅಂಥ ಜಾಗದಲ್ಲಿ ಜೀವಶಾಸ್ತ್ರ ಕಲಿಯುತ್ತೀಯಾ?”

ರತ್ನಮಾಲಾ ಎದ್ದು ನಿಂತಳು.

“ಫಿಲೋಮಿನಾ ಮೇಡಂ ಏನು ಕಡಿದಿದ್ದಾರೆ ಸರ್? ಆ ಮಕ್ಕಳು ಏನು ಕಡಿದಿದ್ದಾರೆ? ನಾನು ಕೇಳಿದ್ದು ಎಲ್ಲಿ ಕಲಿಯಲಿ ಅಂತ. ನೀವು ಹೇಳಿದ್ದು ನಿಮಗೆ ಯಾರ ಮೇಲೆ ಸಿಟ್ಟು ಅಂತ.”

“ಹೋಗು.”

ಅವಳು ಹೋದಳು. ಮಾಸ್ತರು ಅವತ್ತು ಬೇರೆ ಮಕ್ಕಳಿಗೂ ಪಾಠ ಮಾಡಲಿಲ್ಲ.

ಮರುದಿನ ಅರ್ಜಿ ಕೊಡಲು ಕಡೆಯ ದಿನ. ರತ್ನಮಾಲಾ ಬಸ್‌ಸ್ಟಾಪಿಗೆ ಬಂದಾಗ ಮಾಸ್ತರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದರು. ಅವಳ ಹಿಂದೆಯೇ ಪೇಟೆಯ ಬಸ್ಸು ಹತ್ತಿದರು.

ಕಾಲೇಜಿನ ಗೇಟಿನಲ್ಲಿ ಮಾಸ್ತರ ಕಾಲು ನಿಂತುಬಿಟ್ಟಿತು. ಒಳಗೆ ವಾಲಗ ಊದುತ್ತಿದ್ದರು. ತೋಟವಿದ್ದಲ್ಲಿ ಯಾರದೋ ಮದುವೆ ನಡೆದಿತ್ತು.

ವಾಚ್‌ಮನ್ ನಗುತ್ತಾ ಬಂದ. “ಬನ್ನಿ ಯಜಮಾನರೇ, ಊಟ ಎಡಗಡೆ.”

ಮಾಸ್ತರು ಅವನಿಗೆ ಬೆನ್ನು ಹಾಕಿ ರತ್ನಮಾಲಾಳ ಕಡೆ ಕೈ ಚಾಚಿದರು.

“ಅರ್ಜಿ ಕೊಡು.”

‘ಶಿಫಾರಸು ಮಾಡಿದ ಶಿಕ್ಷಕರು’ ಎಂಬ ಕಡೆ ಅವಳು ಏನೂ ಬರೆದಿರಲಿಲ್ಲ. ಮಾಸ್ತರು ಕಾಗದವನ್ನು ಗೇಟಿನ ಕಂಬಕ್ಕೆ ಒತ್ತಿ ಹಿಡಿದು ತಮ್ಮ ಪೂರ್ತಿ ಹೆಸರು ಬರೆದರು. ಪೆನ್ನು ಒತ್ತಿದ ರಭಸಕ್ಕೆ ಒಂದು ಕಡೆ ಕಾಗದ ಹರಿಯಿತು.

“ಒಳಗೆ ಬರುವುದಿಲ್ಲವಾ ಸರ್?”

“ಇಲ್ಲ.”

“ಸಿಟ್ಟು ಇನ್ನೂ ಹೋಗಿಲ್ಲ, ಅಲ್ಲವಾ?”

“ಹೋಗುವುದೂ ಇಲ್ಲ. ನೀನು ಹೋಗಿ ಓದು. ಈ ಸಿಟ್ಟನ್ನು ಹಿಡಿದುಕೊಂಡು ನಾನು ಹೊರಗೆ ನಿಂತಿರುತ್ತೇನೆ.”