ಎಂಟು ಕಿವಿಗಳ ಪೆಟ್ಟಿಗೆ

ಬಾಯ್ಲರಿಗೆ ಬೆಂಕಿ ಹಾಕುವ ಹಿಂದಿನ ದಿನ ಇದು ನಡೆಯಿತು.

ಮನುಷ್ಯರಿಗೆ ಕೇಳದ ಧ್ವನಿಯಿಂದ ಬಿರುಕು ಹುಡುಕುವ ಸಂವೇದಕವು, ತನ್ನ ಸ್ವರವನ್ನು ದಾಖಲಿಸಲು ಎಂಟು ಕಿವಿಗಳ ದೊಡ್ಡ ಪೆಟ್ಟಿಗೆಯನ್ನು ಆರಿಸಿತು.

“ಕಿವಿ ಎಂಟಿದ್ದರೇನು, ಸ್ವಾಮಿ? ನಿಮ್ಮ ಸ್ವರ ನೂರು ಸಲ ಕಂಪಿಸುವಷ್ಟರಲ್ಲಿ ಅದು ಆಲಿಸುವುದು ಒಮ್ಮೆ,” ಎಂದು ಪಕ್ಕದಲ್ಲಿದ್ದ, ಒಂದೇ ಕಿವಿಯಾದರೂ ಬಲು ಚುರುಕಾಗಿ ಆಲಿಸಿ ದಾಖಲಿಸುವ ಪುಟ್ಟ ಕಾರ್ಡು ನಕ್ಕಿತು.

“ಒಂಟಿಕಿವಿಯ ನೀನು ಹಿರಿಯರನ್ನು ಅಳೆಯಬೇಡ,” ಎಂದಿತು ಸಂವೇದಕ.

“ನನ್ನ ಬೆಸುಗೆ ಗಟ್ಟಿಯಾಗಿದೆಯೇ?” ಬಾಯ್ಲರು ಅಂಜುತ್ತಾ ಕೇಳಿತು.

ಸಂವೇದಕವು ಬೆಸುಗೆಯೊಳಗೆ ತನ್ನ ಸ್ವರವನ್ನು ಹರಿಸಿತು. ಪೆಟ್ಟಿಗೆಯು ಆಲಿಸಿದಾಗಲೊಮ್ಮೆ ಒಂದರಂತೆ ತನಗೆ ಸಿಕ್ಕ ನಾಲ್ಕೇ ಚುಕ್ಕಿಗಳನ್ನು ಜೋಡಿಸಿ ನುಣುಪಾದ ಅಲೆಯೊಂದನ್ನು ಬರೆದು, “ಬಿರುಕಿಲ್ಲ,” ಎಂದು ಘೋಷಿಸಿತು.

ಆ ಅಲೆ ತನ್ನದಲ್ಲವೆಂದು ಸಂವೇದಕಕ್ಕೆ ತಿಳಿಯಿತು. ಆದರೆ ಪೆಟ್ಟಿಗೆಯನ್ನು ಆರಿಸಿದ್ದು ತಾನೇ ಆದ್ದರಿಂದ ತುಟಿ ಬಿಚ್ಚಲಿಲ್ಲ.

ಮರುದಿನ ಬಾಯ್ಲರು ಬೆಸುಗೆಯಲ್ಲಿ ಸಿಡಿದು ಚೂರಾಯಿತು.

ಸಂತಾಪ ಸಭೆಯಲ್ಲಿ ಹಾಜರಿದ್ದವರು: ಸಂವೇದಕ, ಪುಟ್ಟ ಕಾರ್ಡು, ಮತ್ತು ಅಧ್ಯಕ್ಷಸ್ಥಾನದಲ್ಲಿ ಎಂಟು ಕಿವಿಗಳ ಪೆಟ್ಟಿಗೆ.