ಹತ್ತು ಗುಳ್ಳೆಯ ರಾಜಕುಮಾರಿ

"ಅರಮನೆಯ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ" ಎಂದು ಊರೆಲ್ಲ ಡಂಗುರ ಹೊಡೆಸಿದರು.

ದೊರೆಯ ನಿದ್ದೆ ಕೆಟ್ಟಿತ್ತು. ಅಜ್ಜಿಯೂರಿನಿಂದ ಮರಳಿದ ಮಗಳ ಮೈಮೇಲೆ ಸೀತಾಳೆ ಸಿಡುಬಿನ ಹತ್ತು ಗುಳ್ಳೆಗಳಿದ್ದವು, ಅದೂ ಲಸಿಕೆ ಹಾಕಿಸಿದ್ದರೂ. ಅವಳು ಊರಲ್ಲಿಲ್ಲದಾಗ ಹುಟ್ಟಿದ ತಮ್ಮ ತೊಟ್ಟಿಲಲ್ಲಿದ್ದ. ಅವನನ್ನು ಎತ್ತಿಕೊಳ್ಳಲು ಬಿಡಿ ಎಂದು ಹುಡುಗಿ ಬಾಗಿಲಾಚೆ ಕೂತು ಅಳುತ್ತಿದ್ದಳು. ಕೂಸಿಗೆ ಲಸಿಕೆ ಹಾಕಿಸುವ ವಯಸ್ಸಾಗಿರಲಿಲ್ಲ.

ದೊರೆ ಕೇಳಿದ: ಮುಖ ತೋರಿಸುವ ಮೊದಲೇ ಪಕ್ಕದ ಮನೆ ಹೊಗುವ ನೆಂಟ ಯಾರು? ಆ ನೆಂಟನನ್ನು ಹೊಸಿಲಲ್ಲೇ ತಡೆಯುವ, ನುಸುಳಿದರೂ ಅವನ ಸೊಕ್ಕಿಳಿಸುವ ಕಾವಲುಗಾರ ಯಾರು? ಸೊಕ್ಕಿಳಿದ ನೆಂಟ ಅಕ್ಕನಿಂದ ತಮ್ಮನಿಗೆ ದಾಟುವನೇ?

ನೆಂಟ ಸಿಡುಬು, ಕಾವಲುಗಾರ ಲಸಿಕೆ ಎಂದು ಡಂಗುರ ಕೇಳಿ ಬಂದಿದ್ದ ಇಬ್ಬರು ಪಂಡಿತರೂ ಹೇಳಿಬಿಟ್ಟರು. ಮೂರನೆಯದರಲ್ಲಿ ಎಡವಿದರು. ಲಸಿಕೆಯಾದ ಮೇಲೆ ದಾಟುವುದೇ ಇಲ್ಲ ಎಂದ ಮೊದಲನೆಯವ. ಹಾಗಾದರೆ ನಿನ್ನ ಮೊಮ್ಮಗುವನ್ನು ಅವಳ ಪಕ್ಕ ಮಲಗಿಸು ಎಂದ ದೊರೆ. ಪಂಡಿತ ಒಪ್ಪಲಿಲ್ಲ. ಲಸಿಕೆಯೇ ಸುಳ್ಳು ಎಂದ ಎರಡನೆಯವ. ಹಾಗಿದ್ದರೆ ಮೈತುಂಬ ಏಳದೆ ಹತ್ತೇ ಗುಳ್ಳೆ ಎದ್ದದ್ದೇಕೆ ಎಂದು ದೊರೆ ಕೇಳಿದ. ಇಬ್ಬರ ಕೈಗೂ ಬೇಡಿ ಬಿತ್ತು.

ರಾಜಕುಮಾರಿಯ ಹಾಸಿಗೆಗೆ ಬೇವಿನ ಸೊಪ್ಪು ತಂದಿದ್ದ, ಬೇವು ಮಾರುವ ಚೆಲುವಿ ಬುಟ್ಟಿ ಕೆಳಗಿಟ್ಟು ದೊರೆಯ ಮುಂದೆ ನಿಂತಳು.

"ಗುಳ್ಳೆ ಕಂಡ ಮೇಲೇ ಜನ ನನ್ನ ಕರೆಯೋದು, ಬುದ್ಧಿ. ಆದರೆ ಎರಡು ದಿನ ಮೊದಲು ಆ ಮನೇಲಿ ಆಡಿ ಹೋದ ಮಕ್ಕಳೂ ಹದಿನೈದು ದಿನಕ್ಕೆ ಗುಳ್ಳೆ ಎದ್ದು ಮಲಗ್ತವೆ. ನೆಂಟ ಅಂಥವನು. ಲಸಿಕೆ ಹಾಕಿಸಿದ ಮನೇಲಿ ಎಷ್ಟೋ ಸಲ ನನಗೆ ಕೆಲಸವೇ ಇರಲ್ಲ. ಇದ್ದರೂ ಒಂದು ಹಿಡಿ ಸೊಪ್ಪು ಸಾಕು. ಗುಳ್ಳೆ ಕಡಿಮೆ ಇದ್ದರೆ ಅಂಟೋದೂ ಕಡಿಮೆ. ಹಾಗಂತ ಅಂಟೋದೇ ಇಲ್ಲ ಅಂತ ಹೇಳೋಕಾಗಲ್ಲ. ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಕಟ್ಟೋವರೆಗೆ ಅಮ್ಮಣ್ಣಿ ದೂರ ಇರಲಿ. ಆಮೇಲೆ ಎತ್ತಿಕೊಳ್ಳಲಿ."

ಇದೊಂದೇ ಉತ್ತರದಲ್ಲಿ ಮಗ ಉಳಿಯುತ್ತಿದ್ದ, ಮಗಳೂ ಕೆಲವೇ ದಿನ ದೂರವಿದ್ದರೆ ಸಾಕಿತ್ತು. ಏನು ಬೇಕೆಂದು ದೊರೆ ಕೇಳಿದ. ಪಂಡಿತರ ಬೇಡಿ ಬಿಚ್ಚಿಸಿ, ಊರಿನ ಮಕ್ಕಳಿಗೆಲ್ಲ ಲಸಿಕೆ ಹಾಕಿಸಿ ಎಂದಳು ಚೆಲುವಿ.

"ಆಮೇಲೆ ನಿನ್ನ ಬೇವು ಯಾರು ಕೊಳ್ಳುತ್ತಾರೆ?"

"ಯುಗಾದಿಗೆ ಕೊಳ್ತಾರಲ್ಲ, ಬುದ್ಧಿ."

ಆರನೆಯ ದಿನ ಕೊನೆಯ ಗುಳ್ಳೆಯೂ ಒಣಗಿತು. ರಾಜಕುಮಾರಿ ಮೊದಲು ಚೆಲುವಿಗೆ ಕೈಮೇಲಿನ ಹಕ್ಕಳೆ ತೋರಿಸಿದಳು. ಅವಳು ತಲೆಯಾಡಿಸಿದ ಮೇಲೆಯೇ ತೊಟ್ಟಿಲತ್ತ ಓಡಿದಳು.